ನಾಲ್ಕು ಕಾಲಿನ ಹೇಂಟೆ ಮತ್ತು ಶಶಿಕಲಾಳ ಕೈಗುಣ

ಹೋದ ತಿಂಗಳು ಒಂದು ಹೇಂಟೆಯ ಹೊಟ್ಟೆಯಡಿಗೆ ಕೈ ಹಾಕಿ ನೋಡಿದೆ. ಅದು ಕುಕ್ಕಲಿಲ್ಲ. ಮೈ ಉಬ್ಬಿಸಲಿಲ್ಲ. ಕುರ್ರ್ ಎಂದು ಹೆದರಿಸಲೂ ಇಲ್ಲ. ಅದಕ್ಕೆ ಕೊಕ್ಕೇ ಇರಲಿಲ್ಲ. ರೆಕ್ಕೆಯೂ ಇಲ್ಲ. ಕಾಲು ಮಾತ್ರ ನಾಲ್ಕು.

ಅಜ್ಜಿಗೆ ಪ್ರಾಯವಾಗಿ ತಲೆ ಕೆಟ್ಟಿತು ಅಂದುಕೊಳ್ಳಬೇಡಿ. ನಾನು ಹೇಳುತ್ತಿರುವುದು ಕರೆಂಟಿನ ಹೇಂಟೆಯ ವಿಷಯ. ಹೀಟಿಂಗ್ ಪ್ಲೇಟ್ ಎಂದು ಅದರ ಹೆಸರು. ಊಟಕ್ಕೆ ಕೂರುವ ಮಣೆಯಷ್ಟು ದೊಡ್ಡದು, ಕಪ್ಪು ಬಣ್ಣ. ಬೆಳಕಿಲ್ಲ, ಶಬ್ದವಿಲ್ಲ. ಅಡಿಯಲ್ಲಿ ಮಾತ್ರ ಕಾವಿಗೆ ಕೂತ ಕೋಳಿಯ ಹೊಟ್ಟೆಯದೇ ಬಿಸಿ. (ಮೊದಲ ದಿನ ನಾನು ಅದನ್ನು ಮಣೆಯೆಂದೇ ತಿಳಿದು ಕುಳಿತುಕೊಳ್ಳಲು ಹೋಗಿದ್ದೆ. ಶಶಿಕಲಾ ಕೈ ಹಿಡಿದು ಎಳೆದಳು. ಇಲ್ಲದಿದ್ದರೆ ಈ ವಾರದ ಅಂಕಣವನ್ನು ನಿಂತುಕೊಂಡೇ ಬರೆಯಬೇಕಿತ್ತು.)

ಶಶಿಕಲಾ ಯಾರು ಎಂದರೆ ನಮ್ಮ ತೋಡಿನ ಆಚೆಯ ಮನೆಯ ಗಿರಿಜಕ್ಕನ ಸೊಸೆ. ಮುಂಡಾಜೆಯ ಹುಡುಗಿ. ಮಾತು ಕಡಿಮೆ, ಕೆಲಸ ಜಾಸ್ತಿ. ಅವಳ ಕಥೆ ಹೇಳುವ ಮೊದಲು ನಮ್ಮೂರಿನ ಕೈಗುಣದ ಕಥೆ ಹೇಳಬೇಕು.

ನಮ್ಮ ನಾರಾವಿ ಬದಿಯಲ್ಲಿ ಕೋಳಿಯನ್ನು ಕಾವಿಗೆ ಕೂರಿಸುವುದೆಂದರೆ ಯಾರು ಬೇಕಾದರೂ ಹೋಗಿ ಮೊಟ್ಟೆ ಇಟ್ಟು ಬರುವುದಲ್ಲ. ಇಡುವವರ ಕೈ ಒಳ್ಳೆಯದಿರಬೇಕು. ಕುಕ್ಕೆಯಲ್ಲಿ ಬೈಹುಲ್ಲು ಹಾಸಬೇಕು. ಗುಡುಗಿಗೆ ಮೊಟ್ಟೆ ಕೆಡದ ಹಾಗೆ ಒಂದು ಇದ್ದಿಲ ತುಂಡು, ಒಂದು ಕಬ್ಬಿಣದ ಚೂರು ಇಡಬೇಕು. ಆಮೇಲೆ ಒಳ್ಳೆ ಕೈಯವರು ಮೊಟ್ಟೆ ಇಡಬೇಕು. ಇಪ್ಪತ್ತೊಂದು ದಿನಕ್ಕೆ ಮರಿ ಬಂದರೆ ಕೈಯ ಪುಣ್ಯ. ಬಾರದಿದ್ದರೆ ಕೈಯ ಪಾಪ. ಮೊಟ್ಟೆಯನ್ನು ಯಾರೂ ಕೇಳುವುದಿಲ್ಲ, ಹುಂಜನನ್ನು ಕೇಳುವುದೇ ಇಲ್ಲ.

ನನ್ನ ಕೈ ಒಳ್ಳೆಯದೆಂದು ಊರಲ್ಲಿ ಹೆಸರುಂಟು. ಕರೆದರೆ ಹೋಗುತ್ತೇನೆ, ಇಡುತ್ತೇನೆ, ಚಾ ಕುಡಿದು ಬರುತ್ತೇನೆ.

ಹೋದ ಮಳೆಗಾಲ ಮುಗಿಯುವಾಗ ಶಶಿಕಲಾ ಊರುಕೋಳಿ ಸಾಕುತ್ತೇನೆ ಎಂದು ಹೊರಟಳು. ಒಂದೆರಡು ಅಲ್ಲ, ಒಂದು ಗೂಡು ತುಂಬ. ಅಷ್ಟು ಮರಿಗಳನ್ನು ಯಾವ ಹೇಂಟೆ ಕೊಡುತ್ತದೆ? ಬಂಟ್ವಾಳದ ಕಡೆ ಮೆಷಿನ್ನಿನಲ್ಲಿ ಮೊಟ್ಟೆ ಒಡೆಸುತ್ತಾರೆ. ಅಲ್ಲಿಂದ ಇದಿನಬ್ಬ ಎಂಬವ ಪಿಕಪ್ಪಿನಲ್ಲಿ ಮರಿ ತಂದು ಮೂಡುಬಿದಿರೆಯಿಂದ ಬೆಳ್ತಂಗಡಿಯವರೆಗೆ ಮನೆ ಮನೆಗೆ ಮಾರುತ್ತಾನೆ. ಒಂದು ದಿನದ ಮರಿಗಳು. ತಾಯಿಯ ಮುಖ ನೋಡಿದವಲ್ಲ.

ತಾಯಿ ಇಲ್ಲದ ಮರಿಗೆ ಬಿಸಿ ಬೇಕು. ಗಿರಿಜಕ್ಕ ಹೇಳಿದಳು, "ನಾನು ಮದುವೆಯಾಗಿ ಬಂದಾಗಿನಿಂದ ಬಲ್ಬಿನ ಅಡಿಯಲ್ಲೇ ಮರಿ ಸಾಕಿದ್ದು. ಒಂದು ಬಲ್ಬ್ ನೇತುಹಾಕು, ಸಾಕು."

ಶಶಿಕಲಾ ನೇತುಹಾಕಿದಳು. ಬೆಳಕೋ ಬೆಳಕು. ರಟ್ಟಿನ ಪೆಟ್ಟಿಗೆಯೊಳಗೆ ಮದುವೆ ಮನೆಯ ಹಾಗೆ ಬೆಳಕು. ಕೆಳಗೆ ಮರಿಗಳು ಒಂದರ ಮೇಲೊಂದು ಹತ್ತಿ, ಒಂದು ಮೂಲೆಯಲ್ಲಿ ಉಂಡೆಯಾಗಿ ಚೀಂ ಚೀಂ ಎಂದು ಕೂಗುತ್ತಿದ್ದವು. ಗಿರಿಜಕ್ಕ ನೋಡಿ ಏನೆಂದಳು ಗೊತ್ತೇ? "ಎಷ್ಟು ಒಗ್ಗಟ್ಟು ನೋಡಿ. ಮನುಷ್ಯರಿಗೆ ಬುದ್ಧಿ ಇಲ್ಲ."

ಒಗ್ಗಟ್ಟು ಅಲ್ಲ ಮಾರಾಯ್ತಿ, ಚಳಿ. ದಿನಾ ಬೆಳಗ್ಗೆ ಅಡಿಯಲ್ಲಿ ಸಿಕ್ಕಿದವು ಸತ್ತಿರುತ್ತಿದ್ದವು. ವಾರದೊಳಗೆ ಪೆಟ್ಟಿಗೆ ಖಾಲಿ.

ಅದಕ್ಕಿಂತ ಕೆಲವು ತಿಂಗಳ ಮೊದಲು ಶಶಿಕಲಾಳಿಗೆ ಒಂದು ಬಸಿರು ನಿಲ್ಲದೆ ಹೋಗಿತ್ತು. ಇದನ್ನು ಬರೆಯಬಹುದೇ ಎಂದು ಅವಳನ್ನೇ ಕೇಳಿದೆ. "ಊರಿಗೆಲ್ಲ ಗೊತ್ತುಂಟು, ಪೇಪರಿಗೆ ಗೊತ್ತಾದ್ರೆ ಎಂತ ಅಜ್ಜಿ" ಎಂದಳು. ಅದಕ್ಕೇ ಬರೆಯುತ್ತಿದ್ದೇನೆ.

ಮರಿಗಳು ಸತ್ತ ಮೇಲೆ ಒಂದು ಬೆಳಗ್ಗೆ ಹಾಲಿನ ಸೊಸೈಟಿಯ ಎದುರು ನಾವು ಹೆಂಗಸರು ಕ್ಯಾನ್ ಹಿಡಿದು ನಿಂತಿದ್ದೆವು. ಯಾರೋ ಕೇಳಿದರು, "ಗಿರಿಜಕ್ಕ, ಕೋಳಿಮರಿ ಹೇಗುಂಟು?"

"ಎಂತ ಹೇಗೆ, ಎಲ್ಲ ಹೋಯ್ತು. ಇವಳ ಕೈಯಲ್ಲಿ ಜೀವ ನಿಲ್ಲುವುದಿಲ್ಲ."

ಶಶಿಕಲಾ ಅಲ್ಲೇ ಇದ್ದಳು. ಕ್ಯಾನಿನ ಮುಚ್ಚಳ ತಿರುಗಿಸುತ್ತಾ ಇದ್ದಳು. ಆ ಮಾತು ಕೋಳಿಮರಿಗೆ ಮಾತ್ರ ಹೇಳಿದ್ದಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಗಿರಿಜಕ್ಕನಿಗೂ ಗೊತ್ತಾಯಿತು, ಹೇಳಿದ ಮೇಲೆ. ಆದರೆ ಬಾಯಿಯಿಂದ ಬಿದ್ದದ್ದನ್ನು ಹೆಕ್ಕಿ ಪುನಃ ಒಳಗೆ ಹಾಕಲಾಗುತ್ತದೆಯೇ?

ನಾನು ಹೇಳಿದೆ, "ನಿನ್ನ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ಅದಕ್ಕೆ ಎಂತ ಮಾಡುವ?"

ಎಲ್ಲರೂ ನಕ್ಕರು. ನಕ್ಕರೂ ಆ ಮಾತು ಅಂಟಿತು. ಆಮೇಲೆ ನೋಡಿದೆ. ಮೆಣಸಿನ ಸಸಿ ನೆಡುವಾಗ ನೆರೆಯವರು ಶಶಿಕಲಾಳಿಗೆ, "ನೀನು ಬುಟ್ಟಿ ಹಿಡ್ಕೋ, ನೆಡುವುದು ನಾವು ನೆಡ್ತೇವೆ" ಎನ್ನುತ್ತಿದ್ದರು. ಬಸಳೆಯ ದಂಟು ಕೇಳಲು ಬಂದವರು ಅವಳ ಕೈಯಿಂದ ತೆಗೆದುಕೊಳ್ಳದೆ ಗಿರಿಜಕ್ಕನನ್ನು ಕರೆಯುತ್ತಿದ್ದರು. ಯಾರೂ ಬಯ್ಯಲಿಲ್ಲ. ಎಲ್ಲರೂ ಪ್ರೀತಿಯಲ್ಲೇ ಮಾಡಿದರು. ಪ್ರೀತಿಯಲ್ಲಿ ಮಾಡಿದ್ದಕ್ಕೆ ತಿರುಗಿ ಮಾತಾಡುವುದು ಹೇಗೆ ಹೇಳಿ? ಬೈದರೆ ಜಗಳವಾದರೂ ಆಡಬಹುದು.

ಅವಳು ಅತ್ತದ್ದನ್ನು ನಾನು ನೋಡಿಲ್ಲ. ಒಂದು ದಿನ ನಮ್ಮ ಮನೆಗೆ ಬಂದು ಜಗಲಿಯಲ್ಲಿ ಕುಳಿತಳು.

"ಅಜ್ಜಿ, ನಾನು ಆ ಬಲ್ಬ್ ಮುಟ್ಟಿ ನೋಡಿದೆ."

"ಸುಟ್ಟಿತಾ?"

"ಇಲ್ಲ. ಬುಡ ಒಂದು ಚೂರು ಬೆಚ್ಚಗೆ, ಅಷ್ಟೆ. ಅದರ ಬೆಳಕಿನ ಅಡಿಯಲ್ಲಿ ಕೈ ಹಿಡಿದ್ರೆ ಎಂತ ಬಿಸಿಯೂ ಇಲ್ಲ."

ವಿಷಯ ಇಷ್ಟೇ. ಗಿರಿಜಕ್ಕನ ಕಾಲದ ಬಲ್ಬ್ ಬೇರೆ. ಅದು ಬೆಳಕು ಕೊಡುವುದಕ್ಕಿಂತ ಹೆಚ್ಚು ಬಿಸಿ ಕೊಡುತ್ತಿತ್ತು. ನಾವು ಮುಟ್ಟಿ ಕೈ ಸುಟ್ಟುಕೊಂಡವರು. ಈಗ ಶಶಿಕಲಾಳ ಗಂಡ ಹರೀಶ ಕರೆಂಟು ಬಿಲ್ ಕಡಿಮೆಯಾಗಲಿ ಎಂದು ಮನೆಯಿಡೀ ಎಲ್‌ಇಡಿ ಹಾಕಿದ್ದಾನೆ. ಬಿಲ್ ಕಡಿಮೆಯಾಯಿತು. ಮರಿಗಳೂ ಕಡಿಮೆಯಾದವು.

"ಅತ್ತೆಗೆ ಹೇಳಿದೆಯಾ?" ಎಂದು ಕೇಳಿದೆ.

"ಹೇಳಿದೆ. ಬಲ್ಬ್ ಉರಿಸ್ಲಿಕ್ಕೂ ಕೈಗುಣ ಬೇಕಂತೆ."

ಹುಡುಗಿ ಅಲ್ಲಿಗೆ ಬಿಡಲಿಲ್ಲ. ನನಗೆ ಮೊದಲು ಮೆಚ್ಚುಗೆಯಾದದ್ದು ಇದು. ಮೊಬೈಲಿನಲ್ಲಿ ಹುಡುಕಿದಳು. ಕೋಳಿಮರಿಗೆಂದೇ ಕೆಂಪು ದೊಡ್ಡ ಬಲ್ಬ್ ಸಿಗುತ್ತದೆ, ಬೇಕಾದಷ್ಟು ಬಿಸಿ. ಆದರೆ ಅದನ್ನು ಹಗ್ಗದಲ್ಲಿ ನೇತುಹಾಕಬೇಕು. ಇವರ ಗೂಡು ಇರುವುದು ಸೌದೆ ಕೊಟ್ಟಿಗೆಯ ಮೂಲೆಯಲ್ಲಿ. ಪಕ್ಕದಲ್ಲಿ ಒಣ ತೆಂಗಿನ ಗರಿ, ಸಿಪ್ಪೆ, ನೆಲದಲ್ಲಿ ಉಮಿ. ಇಲಿ ಒಂದು ಹಗ್ಗ ಕಡಿದರೆ, ಬೆಕ್ಕು ಒಮ್ಮೆ ಹಾರಿದರೆ, ಬಲ್ಬ್ ಉಮಿಗೆ ಬೀಳುತ್ತದೆ. ಮರಿಗಳ ಜೊತೆ ಕೊಟ್ಟಿಗೆಯೂ ಬಿಸಿಯಾಗುತ್ತದೆ.

ಅದಕ್ಕೆ ಅವಳು ಈ ಪ್ಲೇಟ್ ತರಿಸಿದಳು. ಆನ್‌ಲೈನ್. ಬಂದದ್ದನ್ನು ನೋಡಿ ಗಿರಿಜಕ್ಕ ಹೇಳಿದ್ದು ಒಂದೇ ಮಾತು, "ಇದು ಉರಿಯುವುದೇ ಇಲ್ಲವಲ್ಲ."

ಉರಿಯದಿರುವುದೇ ಅದರ ದೊಡ್ಡ ಗುಣ ಎಂದು ಗಿರಿಜಕ್ಕನಿಗೆ ಹೇಗೆ ಹೇಳುವುದು? ನಮಗೆ ಬಿಸಿ ಎಂದರೆ ಕಣ್ಣಿಗೆ ಕಾಣಬೇಕು. ಕೆಂಡ ಕಾಣಬೇಕು, ಹೊಗೆ ಬರಬೇಕು.

ಮರಿ ಬರುವ ಹಿಂದಿನ ದಿನವೇ ಶಶಿಕಲಾ ಸ್ವಿಚ್ ಹಾಕಿ ಇಟ್ಟಳು. ನನ್ನನ್ನು ಕರೆದದ್ದು ಆಗಲೇ, ನಾನು ಅದರ ಅಡಿಗೆ ಕೈ ಹಾಕಿದ್ದೂ ಆಗಲೇ. ಪೆಟ್ಟಿಗೆ ಈ ಸಲ ಹಲಗೆಯದು, ಉದ್ದ. ಒಂದು ತುದಿಯಲ್ಲಿ ಪ್ಲೇಟ್. ನೀರು, ಹಿಂಡಿ ಎಲ್ಲ ಇನ್ನೊಂದು ತುದಿಯಲ್ಲಿ. ವಯರನ್ನು ಮರಿಯ ಕೊಕ್ಕಿಗೂ ಇಲಿಯ ಹಲ್ಲಿಗೂ ಸಿಗದ ಹಾಗೆ ಪೈಪಿನೊಳಗೆ ತೂರಿಸಿ ಮೇಲಿನಿಂದ ತಂದಿದ್ದಳು. ಪ್ಲೇಟಿನ ಕಾಲುಗಳನ್ನು ತಿರುಗಿಸಿದರೆ ಎತ್ತರ ಹೆಚ್ಚು ಕಡಿಮೆ ಮಾಡಬಹುದು. ಅವಳು ಅದನ್ನು ಓರೆಯಾಗಿ ನಿಲ್ಲಿಸಿದ್ದಳು.

"ಇದೆಂತ, ಒಂದು ಬದಿ ಕುಂಟು?"

"ಮರಿ ಒಳಗೆ ನಿಂತ್ರೆ ಬೆನ್ನು ಮೇಲೆ ತಾಗ್ಬೇಕು ಅಜ್ಜಿ. ಸಣ್ಣದು ತಗ್ಗಿನ ಬದಿಗೆ ಹೋಗ್ಲಿ, ದೊಡ್ಡದು ಎತ್ತರದ ಬದಿಗೆ. ಸೆಕೆಯಾದ್ರೆ ಹೊರಗೆ ಬರ್ಲಿ. ನಾವು ಹೇಳುವುದು ಬೇಡ."

ಯೋಚನೆ ಮಾಡಿ. ಹೇಂಟೆಯೂ ಹಾಗೆಯೇ ಅಲ್ಲವೇ? ಅದು ಇಡೀ ಅಂಗಳವನ್ನು ಬಿಸಿ ಮಾಡುವುದಿಲ್ಲ. ಹೊಟ್ಟೆಯ ಅಡಿ ಮಾತ್ರ ಬಿಸಿ. ಬೇಕಾದವ ಬಾ, ಸಾಕಾದವ ಹೋಗು. ಬಲ್ಬ್ ಹಾಗಲ್ಲ. ಬೇಕಾದವನಿಗೂ ಬೇಡವಾದವನಿಗೂ ತಲೆಯ ಮೇಲೆ ಸುರಿಯುತ್ತದೆ. ಮತ್ತೆ ಹಗಲು ರಾತ್ರಿ ಬೆಳಕು ಬೇರೆ, ಮರಿ ಮಲಗುವುದು ಯಾವಾಗ? ಈ ಪ್ಲೇಟಿನ ಅಡಿಯಲ್ಲಿ ಕತ್ತಲೆ. ಇದನ್ನು ಮಾಡಿದವರು ಯಾರೋ ನನಗೆ ಗೊತ್ತಿಲ್ಲ, ಆದರೆ ಒಂದು ಕೋಳಿಯನ್ನು ಸರಿಯಾಗಿ ನೋಡಿದವರು. (ನಾನು ಮೂರನೇ ಕ್ಲಾಸು. ಬರೆದದ್ದನ್ನು ಪೇಪರಿನವರು ತಿದ್ದುತ್ತಾರೆ. ಈ ಮಾತು ಮಾತ್ರ ತಿದ್ದಬೇಡಿ.)

ಮರುದಿನ ಇದಿನಬ್ಬ ಬಂದ. ಪಿಕಪ್ಪಿನಿಂದ ಮರಿಗಳ ರಟ್ಟಿನ ಪೆಟ್ಟಿಗೆ ಇಳಿಸುತ್ತಾ ನನ್ನನ್ನು ನೋಡಿದ.

"ಓ, ಈ ಸಲ ಮರಿ ಬಿಡುವುದು ಅಜ್ಜಿಯಾ?"

"ನಾನೇ ಬರಹೇಳಿದ್ದು" ಎಂದಳು ಗಿರಿಜಕ್ಕ. "ಇವರ ಕೈ ಒಳ್ಳೆದು. ಇವರೇ ಬಿಡ್ಲಿ."

ಶಶಿಕಲಾ ನೀರಿನ ತಟ್ಟೆಯನ್ನು ಅತ್ತ ಸರಿಸಿದಳು, ಪುನಃ ಇತ್ತ ಸರಿಸಿದಳು. ನನಗೆ ಲೆಕ್ಕ ಸಿಕ್ಕಿತು. ನಾನು ಬಿಟ್ಟು ಮರಿ ಬದುಕಿದರೆ ಅದು ನನ್ನ ಕೈ. ಸತ್ತರೆ ಅವಳ ಕೈ. ಎರಡರಲ್ಲೂ ಅವಳಿಗೆ ಸೋಲೇ. ಅವಳೇ ಬಿಟ್ಟು ಸತ್ತರೆ? ಆಮೇಲೆ ಆ ಹೆಸರನ್ನು ನಾರಾವಿಯ ತೋಡಿನಲ್ಲಿ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಹುಡುಗಿಗೆ ಅದೂ ಗೊತ್ತಿತ್ತು.

"ನನಗೆ ಸೊಂಟ ನೋವು. ಬಗ್ಗಲಿಕ್ಕಾಗುವುದಿಲ್ಲ. ಅವಳೇ ಬಿಡಲಿ" ಎಂದೆ.

"ನಿನ್ನೆ ಹಿತ್ತಲಲ್ಲಿ ಕೆಸು ಕೀಳ್ತಾ ಇದ್ದವರು ಯಾರು?" ಗಿರಿಜಕ್ಕ ಕೇಳಿದಳು.

"ಅದರಿಂದಲೇ ಸೊಂಟ ಹೋದದ್ದು."

ಶಶಿಕಲಾ ಬಿಟ್ಟಳು. ಒಂದೊಂದೇ ಮರಿಯ ಕೊಕ್ಕನ್ನು ನೀರಿಗೆ ತಾಗಿಸಿ, ಹಿಡಿದುಕೊಂಡು ಹೋಗಿ ಪ್ಲೇಟಿನ ಅಡಿಗೆ ದೂಡಿದಳು. ದೂಡಿದವು ಹೊರಗೆ ಬಂದು ಕೂಗತೊಡಗಿದವು. ಅವಕ್ಕೆ ಗೊತ್ತಾಗಲಿಲ್ಲ. ಹೇಂಟೆಯಾದರೆ ಕ್ಲಕ್ ಕ್ಲಕ್ ಎಂದು ಕರೆಯುತ್ತದೆ. ಬಲ್ಬಾದರೆ ಬೆಳಕು ನೋಡಿ ಹೋಗುತ್ತವೆ. ಇದಕ್ಕೆ ಎರಡೂ ಇಲ್ಲ.

"ಕೂಗಿ ಕರೆಯದ ತಾಯಿ ಎಂತ ತಾಯಿ?" ಗಿರಿಜಕ್ಕ ಕೇಳಿದಳು.

ಇದಿನಬ್ಬ ಹೇಳಿದ, "ನಿಮ್ಮ ಹಾಗೆ ಇಡೀ ದಿನ ಕೂಗುವ ತಾಯಿ ಆನ್‌ಲೈನಿನಲ್ಲಿ ಸಿಗ್ಲಿಕ್ಕಿಲ್ಲ ಗಿರಿಜಕ್ಕ."

ಶಶಿಕಲಾ ಪುನಃ ದೂಡಿದಳು. ಹೊರಗೆ ಬಂದದ್ದನ್ನು ಪುನಃ ದೂಡಿದಳು. ಅಂಗೈಯಿಂದ ಮೆಲ್ಲ, ಹಿಟ್ಟು ಗುಡ್ಡೆ ಮಾಡುವ ಹಾಗೆ. ಇದಿನಬ್ಬನ ಚಾ ಮುಗಿಯುವಷ್ಟರಲ್ಲಿ ಕೂಗು ಕಡಿಮೆಯಾಯಿತು. ಆಮೇಲೆ ನಿಂತಿತು. ಪೆಟ್ಟಿಗೆಯಲ್ಲಿ ಮರಿಗಳೇ ಇಲ್ಲ. ನಾನು ಬಗ್ಗಿ ನೋಡಿದೆ. (ಸೊಂಟ ನೋವು ಮರೆತುಹೋಗಿತ್ತು. ಗಿರಿಜಕ್ಕ ನೋಡಿಬಿಟ್ಟಳು.) ಪ್ಲೇಟಿನ ಅಂಚಿನಲ್ಲಿ ಸಾಲಾಗಿ ಸಣ್ಣ ಸಣ್ಣ ಮುಖಗಳು ಹೊರಗೆ ನೋಡುತ್ತಾ ಇದ್ದವು. ನಿಜವಾದ ಹೇಂಟೆಯ ರೆಕ್ಕೆಯ ಸಂದಿನಿಂದ ನೋಡುವ ಹಾಗೆಯೇ.

ನಾನು ಮುದ್ದು ಗಿದ್ದು ಮಾಡುವವಳಲ್ಲ. ಈ ಮರಿಗಳು ದೊಡ್ಡದಾಗಿ ಹೋಗುವುದು ಸಾರಾಗಿ ರೊಟ್ಟಿಯ ಜೊತೆಗೇ. ಆದರೂ ಚಂದವನ್ನು ಚಂದ ಎನ್ನಲು ಎಂತ ಅಡ್ಡಿ?

ಎರಡನೇ ದಿನ ಒಂದು ಮರಿ ಸತ್ತಿತು. "ಶುರುವಾಯಿತು" ಎಂದಳು ಗಿರಿಜಕ್ಕ. ಶಶಿಕಲಾಳ ಮುಖ ಬಿಳಿಚಿಕೊಂಡಿತು. ಆದರೆ ಅವಳು ಸತ್ತದ್ದನ್ನು ಬಿಟ್ಟು ಬದುಕಿದ್ದವನ್ನು ನೋಡಿದಳು. ಹರಡಿಕೊಂಡಿವೆಯೇ? ಹೌದು. ಕೂಗುತ್ತವೆಯೇ? ಇಲ್ಲ, ತಮ್ಮಷ್ಟಕ್ಕೆ ಕಿಚಿಪಿಚಿ ಮಾತಾಡುತ್ತವೆ. ತಿನ್ನುತ್ತವೆಯೇ? ತಿನ್ನುತ್ತವೆ. "ಅದು ಬರುವಾಗ್ಲೇ ಕಾಲು ಸೋತಿತ್ತು. ಬಿಸಿ ಸರಿ ಉಂಟು" ಎಂದಳು. ಪ್ಲೇಟಿನ ಕಾಲು ತಿರುಗಿಸಲಿಲ್ಲ, ಎತ್ತರ ಬದಲಿಸಲಿಲ್ಲ. ಹೆದರಿಕೆಯಲ್ಲಿ ಏನಾದರೂ ಮಾಡುವುದು ಸುಲಭ. ಏನೂ ಮಾಡದೆ ಕೂರುವುದಕ್ಕೆ ಧೈರ್ಯ ಬೇಕು.

ನಿಜವಾದ ಅಪಾಯ ಬಂದದ್ದು ಆಮೇಲೆ, ಅದೂ ಪ್ರೀತಿಯ ವೇಷದಲ್ಲಿ.

ನಮ್ಮಲ್ಲಿ ಒಂದು ಕ್ರಮ ಉಂಟು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮರಿ ಇರುವ ಹೇಂಟೆಯ ಕುಕ್ಕೆಗೆ ಗೋಣಿ ಹೊದೆಸುವುದು. ಚಳಿ ಹೊಡೆಯಬಾರದು, ಮುಂಗುಸಿಯ ಕಣ್ಣಿಗೆ ಬೀಳಬಾರದು. ಒಂದು ಸಂಜೆ ಚಳಿ ಸ್ವಲ್ಪ ಜೋರಿತ್ತು. ನಾನು ಒಂದು ಮುಷ್ಟಿ ನುಚ್ಚು ಹಿಡಿದುಕೊಂಡು ಹೋಗಿದ್ದೆ. ಕೊಟ್ಟಿಗೆಗೆ ಕಾಲಿಡುವಾಗಲೇ ಜೊತೆಗೆ ಬಂದ ಶಶಿಕಲಾ ನಿಂತಳು.

"ಅಜ್ಜಿ, ಮರಿಗಳ ಶಬ್ದ ಬೇರೆ ಥರ ಉಂಟು."

ನನಗೆ ಗೊತ್ತಾಗಲಿಲ್ಲ. ಅವಳು ಓಡಿದಳು. ನೋಡಿದರೆ ಗಿರಿಜಕ್ಕ ಪ್ಲೇಟಿನ ಮೇಲೆ ದಪ್ಪ ಗೋಣಿ ಹೊದೆಸಿ, ನಾಲ್ಕು ಬದಿಗೂ ಇಳಿಬಿಟ್ಟು, ಅಂಚಿಗೆ ಇಟ್ಟಿಗೆ ತುಂಡು ಇಟ್ಟಿದ್ದಾಳೆ. ಒಂದು ಮೂಲೆಯ ಸಂದಿನಲ್ಲಿ ತೂರಿ ಕೆಲವು ಮರಿಗಳು ಹೊರಗೆ ಬಂದಿದ್ದವು. ಬಾಯಿ ಬಿಟ್ಟು, ರೆಕ್ಕೆ ಇಳಿಬಿಟ್ಟು ಏದುಸಿರು ಬಿಡುತ್ತಿದ್ದವು. ಉಳಿದವು ಒಳಗೇ ಇದ್ದವು. ಗೋಣಿ ಮುಟ್ಟಿದರೆ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಬಿಸಿ.

ಶಶಿಕಲಾ ಗೋಣಿ ಎಳೆದು ಎಸೆದಳು. ಸ್ವಿಚ್ ತೆಗೆದು ಪ್ಲೇಟನ್ನೇ ಎತ್ತಿದಳು. ಮರಿಗಳು ನೀರಿನ ಬದಿಗೆ ಓಡಿದವು. ಓಡಲಾಗದವನ್ನು ಅವಳೇ ಹಿಡಿದು ಕೊಕ್ಕಿಗೆ ನೀರು ತಾಗಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಅವೂ ಎದ್ದವು.

ಗಿರಿಜಕ್ಕ ಬಾಗಿಲಲ್ಲಿ ನಿಂತಿದ್ದಳು. "ಚಳಿ ಆಗ್ತದೆ ಅಂತ ಹೊದೆಸಿದ್ದು ನಾನು."

ಆಗ ಶಶಿಕಲಾ, ಮದುವೆಯಾಗಿ ಬಂದ ಮೇಲೆ ನಾನು ಕೇಳಿದ ಹಾಗೆ ಮೊದಲ ಸಲ, ಅತ್ತೆಗೆ ತಿರುಗಿ ಹೇಳಿದಳು. ದೊಡ್ಡ ಸ್ವರದಲ್ಲಿ ಅಲ್ಲ. "ಅತ್ತೆ, ನಿಮ್ಮನ್ನು ಬಚ್ಚಲೊಲೆಯ ಬುಡದಲ್ಲಿ ಕೂರಿಸಿ ಕಂಬಳಿ ಹೊದೆಸಿ ಬಾಗಿಲು ಹಾಕಿದ್ರೆ ಹೇಗಾಗ್ತದೆ?"

ಗಿರಿಜಕ್ಕ ನನ್ನ ಮುಖ ನೋಡಿದಳು, ಸಹಾಯಕ್ಕೆ. ನಾನು ಹೇಳಿದೆ, "ಹೇಂಟೆಗೆ ಸೆಕೆಯಾದರೆ ಎದ್ದು ನಿಲ್ಲುತ್ತದೆ ಗಿರಿಜಾ. ಇದಕ್ಕೆ ಎದ್ದು ನಿಲ್ಲಲಿಕ್ಕೆ ಬರುವುದಿಲ್ಲ. ಇದರ ಬುದ್ಧಿಯನ್ನು ನಾವೇ ಇಟ್ಟುಕೊಳ್ಳಬೇಕು."

ಅವಳು ಒಳಗೆ ಹೋದಳು. ಎರಡು ದಿನ ಸೊಸೆಯ ಜೊತೆ ಮಾತಿಲ್ಲ.

ಮಾತು ಪುನಃ ಶುರುವಾದದ್ದು ಕರೆಂಟು ಹೋದ ದಿನ. ಲೈನಿನ ಕೆಲಸವೆಂದು ಬೆಳಗ್ಗೆಯೇ ತೆಗೆದರು. ಬೆಳಗ್ಗೆ ಎಂದರೆ ಇಬ್ಬನಿ ಇಳಿಯುವ ಹೊತ್ತು, ಗುಡ್ಡದ ಬದಿಯ ಚಳಿ. ಪ್ಲೇಟ್ ತಣ್ಣಗಾಯಿತು. ಕರೆಂಟಿನ ಹೇಂಟೆಯ ಒಂದೇ ದೋಷ ಇದು. ಲೈನ್‌ಮ್ಯಾನ್ ಕಂಬ ಹತ್ತಿದರೆ ತಾಯಿ ಸತ್ತಳು.

ನಾನು ಹೋಗುವಾಗ ಶಶಿಕಲಾ ಹರೀಶನ ಖಾಲಿ ಬಾಟಲಿಗಳನ್ನು ಸಾಲಾಗಿ ಇಟ್ಟುಕೊಂಡು ಬಚ್ಚಲಿನ ಹಂಡೆಯ ಬಿಸಿನೀರು ತುಂಬಿಸುತ್ತಿದ್ದಳು. (ಆ ಬಾಟಲಿಗಳಿಂದ ಆ ಮನೆಗೆ ಉಪಕಾರವಾದದ್ದು ಅದೇ ಮೊದಲು.) ಬಿರಡೆ ಬಿಗಿದು, ಹಳೇ ಲುಂಗಿಯ ತುಂಡು ಸುತ್ತಿ, ಪ್ಲೇಟಿನ ಅಡಿಗೆ ಮಲಗಿಸಿದಳು. ಮರಿಗಳು ಬಂದು ಲುಂಗಿಗೆ ಒರಗಿದವು. ಬಾಟಲಿ ತಣಿಯುವ ಮೊದಲು ಬದಲಿಸಬೇಕು. ಕೊಟ್ಟಿಗೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಕೊಟ್ಟಿಗೆಗೆ.

ಸ್ವಲ್ಪ ಹೊತ್ತು ನೋಡಿದ ಗಿರಿಜಕ್ಕ ಒಲೆಯ ಎದುರು ಕುಳಿತು ಸೌದೆ ದೂಡಿದಳು.

"ನೀನು ಮರಿ ನೋಡಿಕೋ. ನೀರು ನಾನು ಕೊಡ್ತೇನೆ."

ಮಧ್ಯಾಹ್ನ ದಾಟಿ ಕರೆಂಟು ಬರುವವರೆಗೆ ಆ ಒಲೆ ಆರಲಿಲ್ಲ. ಅತ್ತೆ ನೀರು ಕೊಟ್ಟಳು, ಸೊಸೆ ಬಾಟಲಿ ಬದಲಿಸಿದಳು. ನಾನು ಕುಳಿತು ಎಲೆ ಅಡಿಕೆ ಹಾಕಿದೆ. ಅದಕ್ಕೂ ಬೇಕಲ್ಲ ಒಬ್ಬರು. ಆ ದಿನ ಒಂದು ಮರಿಯೂ ಸಾಯಲಿಲ್ಲ.

ಆಮೇಲೆ ಹೇಳುವಂಥದ್ದು ಹೆಚ್ಚಿಲ್ಲ. ಮರಿ ಬೆಳೆದ ಹಾಗೆ ಅವಳು ಪ್ಲೇಟಿನ ಕಾಲು ಎತ್ತರಿಸಿದಳು. ಮರಿಗಳು ಅದರ ಮೇಲೆ ಹತ್ತಿ ಹೇತು ಇಟ್ಟರೆ ಸ್ವಿಚ್ ತೆಗೆದು ಒರೆಸಿದಳು. ಉಮಿ ಒದ್ದೆಯಾದರೆ ಬದಲಿಸಿದಳು. ರೆಕ್ಕೆಗೆ ಗರಿ ಬಂದ ಮೇಲೆ ಅವುಗಳೇ ಅಡಿಗೆ ಹೋಗುವುದನ್ನು ಬಿಟ್ಟವು. ಈಗ ಅಂಗಳವಿಡೀ ಕೆದಕಿ ಗಿರಿಜಕ್ಕನ ಬಸಳೆಯ ಬುಡ ಹಾಳು ಮಾಡುತ್ತಿವೆ.

ಮೊನ್ನೆ ಇದಿನಬ್ಬನ ಪಿಕಪ್ ಪುನಃ ಬಂತು. ಆಚೀಚೆ ಮನೆಯ ಹೆಂಗಸರೂ ಸೇರಿದ್ದರು. ಅಂಗಳದ ಕೋಳಿಗಳನ್ನು ನೋಡಿ ಅವನು ಬೆರಗಾದ. "ಹೆಚ್ಚುಕಮ್ಮಿ ಎಲ್ಲ ಉಳಿದಿದ್ಯಲ್ಲ. ನಾನು ಕೊಟ್ಟ ಬೇರೆ ಮನೆಗಳಲ್ಲಿ ಇಷ್ಟು ಉಳಿದದ್ದಿಲ್ಲ. ಎಂತ ಮಾಡಿದ್ರಿ?"

ಗಿರಿಜಕ್ಕ ಸೊಸೆಯ ಹೆಗಲ ಮೇಲೆ ಕೈ ಇಟ್ಟಳು. ಎಲ್ಲರಿಗೂ ಕೇಳುವ ಹಾಗೆ ಹೇಳಿದಳು, "ನಮ್ಮ ಶಶಿಯ ಕೈಗುಣ ಮಾರಾಯ. ಅವಳು ಮುಟ್ಟಿದ್ರೆ ಸಾಕು, ಜೀವ ಬರ್ತದೆ."

ಹೆಂಗಸರು ಹೌದು ಹೌದು ಎಂದರು. ಒಬ್ಬಳಂತೂ ಅಲ್ಲೇ, "ನಮ್ಮ ಕೋಳಿ ಕಾವಿಗೆ ಕೂತಿದೆ, ನೀನೇ ಬಂದು ಮೊಟ್ಟೆ ಇಡ್ಬೇಕು" ಎಂದು ಶಶಿಕಲಾಳನ್ನು ಕರೆದಳು. ಶಶಿಕಲಾ ನಕ್ಕಳು. ಅವಳು ನಗುವುದನ್ನು ನೋಡಿ ತುಂಬ ಸಮಯವಾಗಿತ್ತು, ಅದಕ್ಕೆ ನಾನು ಅಲ್ಲಿ ಬಾಯಿ ಬಿಡಲಿಲ್ಲ. ಇಲ್ಲಿ ಬಿಡುತ್ತೇನೆ.

ಸತ್ತರೆ ಕೈಗುಣ, ಬದುಕಿದರೂ ಕೈಗುಣ. ಆ ಹುಡುಗಿ ಬಗ್ಗಿ ಬಗ್ಗಿ ನೋಡಿದ್ದನ್ನು ಹೇಳಲು ನಮ್ಮ ಬಾಯಿಗೆ ಎಂತ ರೋಗ ಬಂದದ್ದು?